ಮನೆಯ ಮತ್ತೊಬ್ಬ ಒಡೆಯ: ಸ್ಪೇನ್ ಮತ್ತು ರುಮೇನಿಯಾದ ಮನೆಭೂತಗಳು

ಲ್ಯಾಟಿನ್ ಭಾಷೆಯಲ್ಲಿ 'ಕಾಸಾ' ಎಂದರೆ ಗುಡಿಸಲು. ಲ್ಯಾಟಿನ್ನಿನಿಂದಲೇ ಹುಟ್ಟಿದ ಸ್ಪ್ಯಾನಿಷ್ ಮತ್ತು ರುಮೇನಿಯನ್ ಭಾಷೆಗಳಲ್ಲಿ ಈ ಪದವೇ ಇಂದು ಮನೆಯನ್ನು ಸೂಚಿಸುತ್ತದೆ. ಆದರೆ ಆ ಮನೆಯಲ್ಲಿ ಕಣ್ಮರೆಯಾಗಿ ನೆಲೆಸಿರುವವರು ಯಾರೆಂಬ ವಿಷಯದಲ್ಲಿ ಎರಡು ನಾಡುಗಳ ನಂಬಿಕೆಗಳು ಬಹಳ ದೂರ ಸರಿದಿವೆ.

ಸ್ಪೇನಿನ ಮನೆಭೂತದ ಹೆಸರು 'ದುವೆಂದೆ'. ಭಾಷಾಶಾಸ್ತ್ರಜ್ಞರ ಪ್ರಕಾರ ಇದು 'ದುವೆನ್ ದೆ ಕಾಸಾ', ಅಂದರೆ ಮನೆಯೊಡೆಯ ಎಂಬ ನುಡಿಯ ಸಂಕ್ಷಿಪ್ತ ರೂಪ. ಇದರ ಮೂಲ ಲ್ಯಾಟಿನ್ನಿನ 'ದೊಮಿನುಸ್'. ರುಮೇನಿಯನ್ನಿನಲ್ಲಿ ಅದೇ ಪದ 'ದೊಮ್ನ್' ಎಂದಾಗಿ ಪ್ರಭುವನ್ನು ಸೂಚಿಸುತ್ತದೆ. ಮಧ್ಯಯುಗದಲ್ಲಿ ಮನುಷ್ಯ ಯಜಮಾನನಿಗೇ ಸಲ್ಲುತ್ತಿದ್ದ ಈ ಪದ ಕ್ರಮೇಣ ಅಟ್ಟದಲ್ಲಿ ಸದ್ದು ಮಾಡುವ ಭೂತಕ್ಕೆ ಅಂಟಿಕೊಂಡಿತು. ಕೈಗೆ ಬಂದು ಬೇಗನೆ ಕರಗಿಹೋಗುವ ಸಂಪತ್ತನ್ನು ಸ್ಪ್ಯಾನಿಷರು 'ದುವೆಂದೆಯ ನಿಧಿ' ಎನ್ನುತ್ತಾರೆ. ಆ ನಿಧಿಯನ್ನು ಮುಟ್ಟಿದರೆ ಇದ್ದಿಲಾಗುತ್ತದೆಂಬ ನಂಬಿಕೆ ಇದಕ್ಕೆ ಕಾರಣ.

ಉತ್ತರದ ಅಸ್ತೂರಿಯಾಸ್ ಪ್ರಾಂತದಲ್ಲಿ ಇವನ ಸೋದರನಂತಿರುವವನು 'ತ್ರಾಸ್ಗು'. ಕೆಂಪು ಟೋಪಿಯ ಕುಂಟ ಕುಳ್ಳ. ಎಡ ಅಂಗೈಯಲ್ಲಿ ತೂತು. ಮನಸ್ಸು ಬಂದರೆ ರಾತ್ರಿ ಮನೆಗೆಲಸವನ್ನೆಲ್ಲ ಮುಗಿಸುತ್ತಾನೆ, ಮುನಿದರೆ ಪಾತ್ರೆ ಒಡೆಯುತ್ತಾನೆ. ಕಾಟ ತಾಳದೆ ಮನೆ ಬಿಟ್ಟು ಹೊರಟವರ ಹಿಂದೆಯೇ, ಅವರು ಮರೆತು ಬಂದ ವಸ್ತುವನ್ನು ಹೊತ್ತು ಅವನೂ ಬರುತ್ತಾನೆ. ಅವನನ್ನು ಓಡಿಸಲು ಇರುವ ದಾರಿ, ಆಗದ ಕೆಲಸ ಒಪ್ಪಿಸುವುದು: ಬುಟ್ಟಿಯಲ್ಲಿ ಸಮುದ್ರದ ನೀರು ತರುವುದು, ನೆಲಕ್ಕೆ ಚೆಲ್ಲಿದ ಕಿರುಧಾನ್ಯವನ್ನು ಆ ತೂತು ಕೈಯಲ್ಲಿ ಆಯುವುದು. ಸೋತ ಅವಮಾನಕ್ಕೆ ಅವನು ಮತ್ತೆ ಬರುವುದಿಲ್ಲ.

ಕಾಲ್ದೆರೋನನ 1629ರ ನಾಟಕ 'ಲಾ ದಾಮಾ ದುವೆಂದೆ'ಯಲ್ಲಿ ಸೋದರರ ಕಾವಲಿನಲ್ಲಿರುವ ತರುಣ ವಿಧವೆಯೊಬ್ಬಳು ಗುಪ್ತದ್ವಾರದ ಮೂಲಕ ಅತಿಥಿಯ ಕೋಣೆಗೆ ಬಂದುಹೋಗುತ್ತಾಳೆ. ಅತಿಥಿಯ ಸೇವಕ ಅದು ಭೂತದ ಆಟವೆಂದೇ ನಂಬುತ್ತಾನೆ. ಮನೆಯಲ್ಲಿದ್ದೂ ಯಾರ ಕಣ್ಣಿಗೂ ಬೀಳಬಾರದವಳು ಅಲ್ಲಿ ನಿಜಕ್ಕೂ ಒಬ್ಬ ಹೆಣ್ಣು! ಕವಿ ಲೋರ್ಕಾ 1933ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನೀಡಿದ ಉಪನ್ಯಾಸದ ಬಳಿಕವಂತೂ 'ದುವೆಂದೆ' ಎಂಬುದು ಗಾಯಕ, ನರ್ತಕರಲ್ಲಿ ಉಕ್ಕುವ ನಿಗೂಢ ಶಕ್ತಿಯ ಹೆಸರಾಗಿ ಲೋಕಪ್ರಸಿದ್ಧವಾಯಿತು.

ರುಮೇನಿಯಾದ ಹಳ್ಳಿಗಳಲ್ಲಿ ಈ ಚೇಷ್ಟೆಗೆ ಎಡೆಯಿಲ್ಲ. ಅಲ್ಲಿ ಹೊಸ್ತಿಲ ಅಥವಾ ಒಲೆಯ ಕೆಳಗೆ ಇರುವುದು 'ಶಾರ್ಪೆಲೆ ಕಾಸೆಯ್', ಅಂದರೆ ಮನೆಯ ಹಾವು. ಅದನ್ನು ಕೊಂದರೆ ಆ ಮನೆಯವರೊಬ್ಬರು ಸಾಯುತ್ತಾರೆಂಬ ಭಯ. ಅದಕ್ಕಾಗಿ ಹಾಲು ಇಡುವುದೂ ಉಂಟು. (ಹಾವು ಹಾಲನ್ನು ಆಹಾರವಾಗಿ ಕುಡಿಯುವುದಿಲ್ಲವೆಂಬುದು ಬೇರೆ ಮಾತು.) ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪೊಂಪೈ ನಗರದ ಮನೆಗುಡಿಗಳಲ್ಲಿಯೂ ಗೃಹದೇವತೆಗಳ ಕೆಳಗೆ ಹಾವಿನ ಚಿತ್ರಗಳಿವೆ. ಆದರೂ ಇದನ್ನು ರೋಮನ್ನರ ಬಳುವಳಿಯೆಂದಷ್ಟೇ ಹೇಳಿ ಮುಗಿಸಲಾಗದು. ಅಲ್ಬೇನಿಯನ್ನರು, ಬಲ್ಗೇರಿಯನ್ನರು, ಸರ್ಬಿಯನ್ನರಲ್ಲಿಯೂ ಇದೇ ನಂಬಿಕೆ ಇದೆ.

ಇದಕ್ಕಿಂತ ಘೋರವಾದುದು 'ಸ್ತಾಫಿಯೆ'. ಇದು ಗ್ರೀಕ್ ಮೂಲದ ಪದ. ಗೋಡೆ ನಿಲ್ಲಬೇಕಾದರೆ ಅದಕ್ಕೊಂದು ಜೀವ ಬೇಕೆಂಬುದು ಹಳೆಯ ನಂಬಿಕೆ. ಕುರ್ತೆಯಾ ದೆ ಅರ್ಜೆಶ್‌ನ ಮಠವನ್ನು ಕಟ್ಟಿದ ಶಿಲ್ಪಿ ಮನೋಲೆ ತನ್ನ ಪತ್ನಿಯನ್ನೇ ಗೋಡೆಯೊಳಗೆ ಸೇರಿಸಿದ ಐತಿಹ್ಯ ಇದನ್ನೇ ಹೇಳುತ್ತದೆ. ಮನುಷ್ಯನ ಬದಲಿಗೆ ನೆರಳೂ ಸಾಕಿತ್ತು. ದಾರಿಹೋಕನ ನೆರಳನ್ನು ಅವನಿಗರಿಯದಂತೆ ಜೊಂಡಿನಿಂದಲೋ ದಾರದಿಂದಲೋ ಅಳೆದು, ಆ ಅಳತೆಯನ್ನು ಅಡಿಪಾಯದಲ್ಲಿ ಹೂಳುತ್ತಿದ್ದರು. ಅವನು 40 ದಿನಗಳಲ್ಲಿ ಸತ್ತು ಕಟ್ಟಡದ ಕಾವಲು ಭೂತವಾಗುತ್ತಾನೆಂದು ನಂಬುತ್ತಿದ್ದರು. 1880ರ ದಶಕದಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿದ್ದ ಲೇಖಕಿ ಎಮಿಲಿ ಜೆರಾರ್ಡ್, ಕಟ್ಟಡ ಕಟ್ಟುವವರಿಗೆ ಇಂತಹ ಅಳತೆಗಳನ್ನು ಒದಗಿಸುವ ನೆರಳಿನ ವ್ಯಾಪಾರಿಗಳೇ ಅಲ್ಲಿ ಹಿಂದೆ ಇದ್ದರೆಂದು ದಾಖಲಿಸಿದ್ದಾರೆ. ಹೊಸ ಕಟ್ಟಡದ ಬಳಿ ಹಾದುಹೋಗುವವರಿಗೆ, ನೆರಳು ಜೋಪಾನವೆಂದು ಜನರು ಕೂಗಿ ಎಚ್ಚರಿಸುತ್ತಿದ್ದರಂತೆ.