ಭೂಭ್ರಮಣವೂ ಕಾಲಗಣನೆಯೂ

ಹಗಲಿರುಳುಗಳ ಆವರ್ತನೆಯೇ ಕಾಲಗಣನೆಗೆ ಮೂಲ. ನಮ್ಮ ಪೂರ್ವಿಕರು ದಿನವನ್ನು 60 ಗಳಿಗೆಗಳಾಗಿ ವಿಭಾಗಿಸಿದರು. ಪಾಶ್ಚಾತ್ಯರು 86,400 ಸೆಕೆಂಡುಗಳಾಗಿ ಎಣಿಸಿದರು. ಕ್ರಮ ಬೇರೆಯಾದರೂ ಉಭಯರಿಗೂ ಭೂಭ್ರಮಣವೇ ಅಳತೆಗೋಲಾಗಿತ್ತು.

ಆದರೆ ಆ ಅಳತೆಗೋಲು ಏಕರೂಪವಾದುದಲ್ಲ. ಚಂದ್ರಾಕರ್ಷಣೆಯಿಂದುಂಟಾಗುವ ಸಮುದ್ರದ ಉಬ್ಬರವಿಳಿತಗಳು ಭೂಮಿಯ ವೇಗವನ್ನು ಕುಂದಿಸುತ್ತವೆ. ಬ್ಯಾಬಿಲೋನಿಯಾ, ಚೀನಾ ಮೊದಲಾದ ದೇಶಗಳ ಪ್ರಾಚೀನ ಗ್ರಹಣದಾಖಲೆಗಳನ್ನು ಪರಿಶೀಲಿಸಿದ ವಿದ್ವಾಂಸರು, ದಿನವು ಶತಮಾನಕ್ಕೆ ಸುಮಾರು 1.8 ಮಿಲಿಸೆಕೆಂಡಿನಷ್ಟು ದೀರ್ಘವಾಗುತ್ತಿರುವುದನ್ನು ಕಂಡುಕೊಂಡಿದ್ದಾರೆ.

1955ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್ನಿನಲ್ಲಿ ಲೂಯಿ ಎಸ್ಸೆನ್ ಮತ್ತು ಜಾಕ್ ಪ್ಯಾರಿ ಅವರು ಸೀಸಿಯಂ ಗಡಿಯಾರವನ್ನು ನಿರ್ಮಿಸಿದರು. 1967ರಲ್ಲಿ ಸೀಸಿಯಂ ಪರಮಾಣುವಿನ 9,192,631,770 ಸ್ಪಂದನಗಳ ಅವಧಿಯೇ ಒಂದು ಸೆಕೆಂಡೆಂದು ನಿರ್ಣಯವಾಯಿತು. ಹೀಗೆ, ಅಳತೆಗೋಲಾಗಿದ್ದ ಭೂಮಿಯೇ ಅಳತೆಗೊಳಗಾಯಿತು.

ಆದರೂ ಲೋಕವ್ಯವಹಾರವು ಸೂರ್ಯನನ್ನು ತೊರೆಯಲಿಲ್ಲ. ಗಡಿಯಾರಕ್ಕೂ ಭೂಭ್ರಮಣಕ್ಕೂ ಇರುವ ಅಂತರವು ಒಂದು ಸೆಕೆಂಡನ್ನು ಮೀರದಂತೆ, 1972ರಿಂದ 2016ರವರೆಗೆ 27 ಅಧಿಕ ಸೆಕೆಂಡುಗಳನ್ನು ಸೇರಿಸಲಾಯಿತು. ಚಾಂದ್ರಮಾನವನ್ನು ಸೌರಮಾನಕ್ಕೆ ಹೊಂದಿಸುವ ಅಧಿಕಮಾಸದಂತೆ ಇದೂ ಒಂದು ಸಂಧಾನವೇ. ಗಣಕಯಂತ್ರಗಳಿಗೆ ಇದು ತೊಡಕಾದುದರಿಂದ, 2022ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನವು ಈ ಅಂತರದ ಮಿತಿಯನ್ನು 2035ರೊಳಗೆ ಹಿಗ್ಗಿಸಲು ನಿರ್ಣಯಿಸಿತು. ಎಷ್ಟು ಅಂತರವನ್ನು ಸಹಿಸಬಹುದೆಂಬುದನ್ನು ಮನುಷ್ಯನು ನಿರ್ಧರಿಸಬಹುದು. ಹಗಲಿರುಳುಗಳನ್ನು ಉಂಟುಮಾಡುವುದು ಮಾತ್ರ ಇಂದಿಗೂ ಭೂಭ್ರಮಣವೇ.