ಹರಿಗೋಲು: ಎರಡು ದಡಗಳ ದೋಣಿ

ಚಂದ್ರಗಿರಿ ಹೊಳೆಯ ಆಸುಪಾಸಿನಲ್ಲಿ ಬೆಳೆದವರಿಗೆ ದೋಣಿಯೆಂದರೆ ಮರದ್ದು, ಉದ್ದನೆಯದು. ಕಡಲಿಗಿಳಿಯುವುದಾದರೆ ಅದಕ್ಕೆ ಹಾಯಿಯೂ ಉಂಟು. ಆದರೆ ಕನ್ನಡನಾಡಿನ ಒಳಭಾಗದ ನದಿಗಳಲ್ಲಿ ಶತಮಾನಗಳ ಕಾಲ ಜನರನ್ನು ದಾಟಿಸಿದ ದೋಣಿಗೆ ಹಾಯಿಯೂ ಇಲ್ಲ, ಹಲಗೆಯೂ ಇಲ್ಲ, ಮುಂದು ಹಿಂದು ಎಂಬುದೂ ಇಲ್ಲ. ಅದು ದುಂಡನೆಯ ಹರಿಗೋಲು. ಮಲಯಾಳದಲ್ಲಿ ಅದನ್ನು ಕುಟ್ಟವಂಚಿ, ಅಂದರೆ ಬುಟ್ಟಿದೋಣಿ ಎನ್ನುತ್ತಾರೆ. ತಮಿಳರಿಗೆ ಅದು ಪರಿಸಲ್; ತೆಲುಗರ ಆಡುಮಾತಿನಲ್ಲಿ ಪುಟ್ಟಿ, ನಿಘಂಟಿನಲ್ಲಿ ಅರಿಗೋಲು.

ಇದರ ಕಥೆಯನ್ನು ನಂದವರದ ಕಡೆಯಿಂದ ನೋಡಬೇಕು. ಬನಗಾನಪಲ್ಲೆಯ ಬಳಿಯ, ಚೌಡೇಶ್ವರಿಯ ನಂದವರವಲ್ಲ. ಆದವಾನಿ ಸೀಮೆಯ ನಂದವರ. ಮಂತ್ರಾಲಯವನ್ನು ದಾಟಿ ತುಂಗಭದ್ರೆ ಹರಿಯುವ ಈ ಭಾಗದಲ್ಲಿ ನದಿಯೇ ಬಹುಕಾಲ ಗಡಿಯಾಗಿತ್ತು. 1800ರಲ್ಲಿ ನಿಜಾಮನು ಆದವಾನಿಯೂ ಸೇರಿದಂತೆ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ ತೆಂಕಣ ದಡ ಮದ್ರಾಸಿನದು, ಬಡಗಣ ದಡ ಹೈದರಾಬಾದಿನದು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. 1956ರಲ್ಲಿ ರಾಯಚೂರು ಮೈಸೂರಿಗೆ ಬಂತು. ಅದೇ ವರ್ಷ ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿಯ ಕನ್ನಡಿಗರಿಗೆ ಈ ತಾರೀಖುಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸರಕಾರಗಳು ಬದಲಾದವೆಂದು ದಡಗಳ ನಡುವಿನ ನಂಟಸ್ತಿಕೆ, ಸಂತೆ, ರಾಯರ ಮಠದ ಯಾತ್ರೆ ನಿಲ್ಲಲಿಲ್ಲ. ಸೇತುವೆಯಿಲ್ಲದ ಕಡೆ ತುಂಬಿದ ಹೊಳೆಯನ್ನು ದಾಟಲು ಜನರಿಗೆ ಇದ್ದದ್ದು ಹರಿಗೋಲು.

ಅದರ ಬಗೆಗೆ ನಮಗೆ ಸಿಕ್ಕಿರುವ ಒಳ್ಳೆಯ ಸಾಕ್ಷಿಗಳಲ್ಲೊಂದು ಕೃಷ್ಣದೇವರಾಯನ ಕಾಲದ್ದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಆನೆಗುಂದಿಯ ಕಡೆಗೆ ದಾಟುವ ದೋಣಿಗಳನ್ನು ವರ್ಣಿಸಿದ್ದಾನೆ. ಅವು ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳೂ ದಾಟಬಹುದು. ಹುಟ್ಟು ಹಾಕಿದಂತೆಲ್ಲ ಅವು ಗಿರಗಿರನೆ ತಿರುಗುತ್ತವೆ ಎನ್ನುತ್ತಾನೆ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ದೋಣಿಯೇ ಇಲ್ಲವೆಂದೂ ಬರೆದಿದ್ದಾನೆ. ಅದೇ ಶತಮಾನದ ಪುರಂದರದಾಸರು ಅಂಬಿಗನ ಕೀರ್ತನೆಯಲ್ಲಿ ದೇಹವನ್ನು ಹೋಲಿಸಿದ್ದೂ ತೂತುಗಳುಳ್ಳ ಹರಿಗೋಲಿಗೇ.

ಹಡಗು ಕಟ್ಟುವ ವಿದ್ಯೆ ಗೊತ್ತಿದ್ದ ನಾಡಿನಲ್ಲಿ ಹೊಳೆಗೆ ಬುಟ್ಟಿಯೇ ಏಕೆ? ತುಂಗಭದ್ರೆಯ ಪಾತ್ರದ ತುಂಬ ಬಂಡೆ. ಮಳೆಗಾಲದಲ್ಲಿ ಸೆಳೆತ, ಬೇಸಿಗೆಯಲ್ಲಿ ಮೊಳಕಾಲುದ್ದದ ನೀರು. ಹಲಗೆಯ ದೋಣಿ ಬಂಡೆಗೆ ತಾಗಿದರೆ ಸೀಳುತ್ತದೆ; ಬಿದಿರು ಬಾಗಿ ಮತ್ತೆ ಮೊದಲಿನಂತಾಗುತ್ತದೆ. ತಳ ಚಪ್ಪಟೆಯಾದ್ದರಿಂದ ತೆಳುನೀರಿನಲ್ಲೂ ತೇಲುತ್ತದೆ. ಸೆಳೆತಕ್ಕೆ ಕೆಳಗೆ ಜಾರಿಹೋದರೆ ಅಂಬಿಗನು ಸಣ್ಣ ಹರಿಗೋಲನ್ನು ಕೊಡೆಯಂತೆ ತಲೆಯ ಮೇಲೆ ಕವುಚಿಕೊಂಡು ದಡದ ಮೇಲೆ ನಡೆದು ಹಿಂದಿರುಗಬಲ್ಲನು.

ಇದನ್ನು ಮನೆಯ ಅಂಗಳದಲ್ಲಿಯೇ ಕಟ್ಟಬಹುದು. ಹಸಿ ಬಿದಿರನ್ನು ಸೀಳಿ, ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡ ಹಾಸಿ, ನಡುವಿನಿಂದ ಹೊರಕ್ಕೆ ಹೆಣೆಯುತ್ತಾರೆ. ಹೆಣಿಗೆ ಕದಲದಂತೆ ಮೇಲೆ ಕಲ್ಲು ಹೇರುವುದುಂಟು. ತಳ ಬೇಕಾದಷ್ಟು ಅಗಲವಾದ ಮೇಲೆ ದಬ್ಬೆಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ ಗೋಡೆ ಎಬ್ಬಿಸುತ್ತಾರೆ. ಬಾಯಿಗೆ ದಪ್ಪನೆಯ ಅಂಚು ಕಟ್ಟುತ್ತಾರೆ. ಸಾಮಾನ್ಯ ಹರಿಗೋಲು ಆರೇಳು ಅಡಿ ಅಗಲ. ಕಡವಿನದು ಇನ್ನೂ ದೊಡ್ಡದು. ಹಿಂದೆ ಇದರ ಮೇಲೆ ಎತ್ತು ಎಮ್ಮೆಗಳ ತೊಗಲನ್ನು ಹೊಲಿದು ಬಿಗಿಯುತ್ತಿದ್ದರು. ಸದಾ ನೆನೆದರೆ ತೊಗಲು ಕೊಳೆಯುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ದಡದಲ್ಲಿ ಬೋರಲು ಹಾಕಿ ಒಣಗಿಸಲೇಬೇಕು. ಮೊಳೆಯಿಲ್ಲ, ಕಬ್ಬಿಣವಿಲ್ಲ. ಬಿದಿರು ಹೆಣೆಯುವವರು, ತೊಗಲು ಹದ ಮಾಡುವವರು, ಹುಟ್ಟು ಹಾಕುವವರು, ಮೂವರ ಕಸುಬೂ ಒಂದು ದೋಣಿಯಲ್ಲಿ ಕೂಡುತ್ತಿತ್ತು.

ಇಂಥ ದೋಣಿ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಬಾಬಿಲೋನಿಗೆ ಸರಕು ತರುತ್ತಿದ್ದ ದುಂಡು ತೊಗಲುದೋಣಿಗಳ ಬಗೆಗೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕ್ರಿ.ಪೂ. 5ನೆಯ ಶತಮಾನದಲ್ಲೇ ಬರೆದಿದ್ದಾನೆ. ದಖ್ಖನಿನ ನದಿಗಳನ್ನು ದಾಟಲು ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯೂ ಬುಟ್ಟಿದೋಣಿಗಳನ್ನೇ ಕಟ್ಟಿಸಿದನು. 1933ರಲ್ಲಿ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹರಿಗೋಲುಗಳ ಮೇಲೆ ಲೇಖನವನ್ನೇ ಪ್ರಕಟಿಸಿದನು.

ಹೊಸಪೇಟೆಯ ಬಳಿ ಕಟ್ಟಿದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಆದವಾನಿ ಆಂಧ್ರಕ್ಕೆ ಹೋದದ್ದೂ ಅದೇ ವರ್ಷ. ಕೆಳಗಿನ ಹೊಳೆಯ ನಡೆ ಬದಲಾಯಿತು. ಕ್ರಮೇಣ ರಸ್ತೆ, ಸೇತುವೆಗಳು ಬಂದವು. ತೊಗಲಿನ ಜಾಗಕ್ಕೆ ಗೋಣಿ, ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು. ಈಚೆಗೆ ಫೈಬರ್ ಕೂಡ. ಹಂಪಿಯ ಕಡೆ ಹರಿಗೋಲು ಈಗ ಪ್ರವಾಸಿಗರ ಮೋಜಿಗೆ ತಿರುಗುತ್ತದೆ. ಕೆಲವು ಕಡೆ ಮೀನುಗಾರರು ಅದನ್ನು ಬಿಟ್ಟಿಲ್ಲ.

ಸೇತುವೆ ಬಂದದ್ದಕ್ಕೆ ಕೊರಗಬೇಕಾಗಿಲ್ಲ. ಬಸುರಿಯನ್ನೂ ರೋಗಿಯನ್ನೂ ಪ್ರವಾಹದಲ್ಲಿ ಬುಟ್ಟಿಯೊಳಗೆ ಕೂರಿಸಿ ದಾಟಿಸುವ ಕಷ್ಟ ಸಣ್ಣದಲ್ಲ. ಆದರೆ ಹೆಣಿಗೆಯ ಒಂದೊಂದು ಸುತ್ತಿಗೆ, ಹುಟ್ಟಿನ ಒಂದೊಂದು ಎಳೆತಕ್ಕೆ ಇರುವ ಮಾತುಗಳನ್ನು ಬರೆದಿಡುವ ಕೆಲಸ ಉಳಿದಿದೆ. ಆದವಾನಿ ಸೀಮೆಯಲ್ಲಿ ಆ ಮಾತುಗಳು ಕನ್ನಡದಲ್ಲೂ ಇರುತ್ತವೆ, ತೆಲುಗಿನಲ್ಲೂ ಇರುತ್ತವೆ. ಕಾಸರಗೋಡಿನ ದೋಣಿಯ ಮಾತುಗಳು ಕನ್ನಡ, ತುಳು, ಮಲಯಾಳಗಳಲ್ಲಿ ಇರುವಂತೆ. ಅವುಗಳನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದುಕೊಳ್ಳುವುದು ಗಡಿಯ ಮನೆಗಳಿಂದ ಆಗಬಹುದಾದ ಕೆಲಸ.