ಮೇಜಿನ ಮೇಲೆ ವಳಿವಡೆ

ಕೊಲ್ಹಾಪುರ ಸಂಸ್ಥಾನಕ್ಕೆ ರೈಲು ಬಂದದ್ದು 1891ರಲ್ಲಿ. ಮಿರಜದಿಂದ ಕೊಲ್ಹಾಪುರಕ್ಕೆ 29 ಮೈಲಿ, ಈಗಿನ ಲೆಕ್ಕದಲ್ಲಿ ಸುಮಾರು 47 ಕಿ.ಮೀ. 1888ರಲ್ಲಿ ಕಾಮಗಾರಿಗೆ ಚಾಲನೆ ಸಿಕ್ಕಾಗ ಶಾಹು ಮಹಾರಾಜರು ಇನ್ನೂ ಹದಿನಾಲ್ಕರ ಹುಡುಗ. ರಾಜ್ಯಾಧಿಕಾರ ಅವರ ಕೈಗೆ ಬಂದದ್ದು 1894ರಲ್ಲಿ. ಹಳಿ ಸಂಸ್ಥಾನದ್ದು, ಗಾಡಿ ಓಡಿಸುವ ಹೊಣೆ ಸದರ್ನ್ ಮರಾಠಾ ರೈಲ್ವೆಯದು. 1876-78ರ ಭೀಕರ ಬರದಲ್ಲಿ ಧಾನ್ಯ ಸಾಗಿಸಲು ದಾರಿಯಿಲ್ಲದೆ ದಕ್ಷಿಣ ದಖನ್ನಿನ ಜನ ಸತ್ತ ಮೇಲೆ 1882ರಲ್ಲಿ ಹುಟ್ಟಿದ ಕಂಪನಿ ಅದು. ಕಾಸರಗೋಡಿನ ಕಡೆಯ ಓದುಗರಿಗೆ ಹೋಲಿಕೆಗೆ ಬೇಕಾದರೆ, ನಿಮ್ಮ ಕರಾವಳಿಯ ಹಳಿ ಮಂಗಳೂರು ಮುಟ್ಟಿದ್ದು 1907ರಲ್ಲಿ.

ಆದರೆ ಈ ಗಡಿಯ ಎಲ್ಲ ಊರುಗಳಿಗೂ ರೈಲಿನ ಭಾಗ್ಯ ಬರಲಿಲ್ಲ. ನಾನು ಹುಟ್ಟಿದ ಗಡಹಿಂಗ್ಲಜ ಹಿರಣ್ಯಕೇಶಿ ದಂಡೆಯ ಊರು. ಅಲ್ಲಿ ಹಳಿ ಇಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗ ಹಾಕಿದರು. ಊರು ಮಗ್ಗಗಳ ಊರಾಗಿ ಬೆಳೆಯಿತು, ಆದರೂ ರೈಲು ಹತ್ತಬೇಕಾದರೆ ಹಾತಕಣಂಗಲೆಗೇ ಹೋಗಬೇಕು. ರೈಲು ಎಂದರೆ ನಮಗೆ ಬೇರೆ ಊರಿನಲ್ಲಿ ಇರುವ ವಸ್ತು. ಬಹುಶಃ ಅದಕ್ಕೇ ಅದು ನನ್ನ ಮನೆಯ ಮೇಜಿನ ಮೇಲೆ ಬಂದು ನಿಂತಾಗ ನೆರೆಹೊರೆಯವರಿಗೂ ಸೋಜಿಗವಾಯಿತು. ಅದು ಬಂದ ದಾರಿಯನ್ನು ಹೇಳುವುದೇ ಈ ಬರಹದ ಉದ್ದೇಶ.

2018ರ ಮಳೆಗಾಲದಲ್ಲಿ, ಹೊಟ್ಟೆ ಕೆಟ್ಟು ವಾಸಿಯಾದ ಹತ್ತು ದಿನಕ್ಕೆ, ನನ್ನ ಎರಡೂ ಪಾದ ಜೋಮು ಹಿಡಿದವು. ಮೂರನೆಯ ದಿನ ಮೆಟ್ಟಿಲು ಹತ್ತಲಾಗಲಿಲ್ಲ. ಆರನೆಯ ದಿನ ಪೆನ್ನು ಹಿಡಿಯಲಾಗಲಿಲ್ಲ. ಕೊಲ್ಹಾಪುರದಲ್ಲಿ ವೈದ್ಯರು ಹೇಳಿದ ಹೆಸರು ಗಿಲಾನ್-ಬಾರೆ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಗಿಲಾನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಕಂಡು ವರ್ಣಿಸಿದ ಕಾಯಿಲೆ. ರೋಗಾಣುವಿನ ಮೇಲೆ ಯುದ್ಧಕ್ಕೆ ಹೊರಟ ದೇಹದ ಕಾವಲುಪಡೆ ದಾರಿ ತಪ್ಪಿ ತನ್ನದೇ ನರಗಳ ಮೇಲೆ ಬೀಳುತ್ತದೆ. ನರದ ಮೇಲಿನ ಹೊದಿಕೆ ಮಾತ್ರ ಕೆಟ್ಟರೆ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗಬಹುದು. ಒಳಗಿನ ಎಳೆಯೇ ಕೆಟ್ಟರೆ ಅದು ಮತ್ತೆ ಬೆಳೆಯಬೇಕು, ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ. ಸೊಂಟದಿಂದ ಪಾದಕ್ಕೆ ಹೆಚ್ಚುಕಡಿಮೆ ಒಂದು ಮೀಟರ್. ಲೆಕ್ಕ ಬರೆಯುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ: ಸಾವಿರ ದಿನ.

ಕಾಯಿಲೆಯವನ ಮನೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ಯಾವಾಗ ವಾಸಿ? ಅದಕ್ಕೆ ಉತ್ತರ ಯಾರಲ್ಲೂ ಇಲ್ಲ. ದಿನಗಳಿಗೆ ತಾರೀಖು ಇರುವುದಿಲ್ಲ. ಸೋಮವಾರವೂ ಹಾಸಿಗೆ, ಗುರುವಾರವೂ ಹಾಸಿಗೆ. ಬೆರಳುಗಳಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಏನಾದರೂ ಸಣ್ಣ ಕೈಕೆಲಸ ಹಿಡಿಯಿರಿ ಎಂದಳು. ಮಗಳ ಶಾಲೆಯ ರಟ್ಟು, ಅಂಟು, ಕತ್ತರಿ ಮನೆಯಲ್ಲೇ ಇದ್ದವು. ಮೊದಲು ಮಾಡಿದ್ದು ಒಂದು ಗೂಡ್ಸ್ ಡಬ್ಬಿ. ನಾಲ್ಕು ಗೋಡೆ ಕತ್ತರಿಸಲು ಹನ್ನೊಂದು ದಿನ ಹಿಡಿಯಿತು. ಅವ್ವ ಬಾಗಿಲಲ್ಲಿ ನಿಂತು, "ಇದೇನೋ ಸಣ್ಣ ಹುಡುಗರಂಗ ಆಡಾಕ ಹತ್ತೀಯಲ್ಲೋ" ಎಂದಳು. ಅಂದು ಸಂಜೆ ಅವಳೇ ಕೂತು ಅದರ ಬಾಗಿಲಿಗೆ ಅಂಟು ಹಚ್ಚಿದಳು.

ಆಟಿಕೆಗೂ ಮಾದರಿಗೂ ಇರುವ ಅಂತರ ಅಳತೆಯಲ್ಲಿದೆ. ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ಮಾದರಿ ರೈಲಿನ ಪ್ರಮಾಣ 1:87. ನಿಜವಾದ ಒಂದು ಅಡಿಗೆ ಮಾದರಿಯಲ್ಲಿ ಮೂರೂವರೆ ಮಿಲಿಮೀಟರ್. ಅದಕ್ಕಿಂತ ಹಿಂದೆ ಅಡಿಗೆ ಏಳು ಮಿಲಿಮೀಟರಿನ 'ಝೀರೋ' ಪ್ರಮಾಣವಿತ್ತು. ಅದರ ಅರ್ಧವಾದ್ದರಿಂದ ಇದಕ್ಕೆ 'ಹಾಫ್ ಝೀರೋ' ಎಂದು ಹೆಸರು. ಈ ಪ್ರಮಾಣದಲ್ಲಿ ಮಿರಜ-ಕೊಲ್ಹಾಪುರದ 47 ಕಿ.ಮೀ. ಇಳಿದರೂ 540 ಮೀಟರ್ ಆಗುತ್ತದೆ. ನನ್ನ ಮೇಜು ಎಂಟು ಅಡಿ. ಅಂದರೆ ನನಗೆ ದಕ್ಕುವುದು ಸುಮಾರು 210 ಮೀಟರ್ ನೆಲ, ಒಂದು ಸಣ್ಣ ನಿಲ್ದಾಣ.

ಹಳಿಯ ಅಗಲದಲ್ಲಿ ಇನ್ನೊಂದು ಪಾಠವಿತ್ತು. ಅಂಗಡಿಯಲ್ಲಿ ಸಿಗುವ ಹಾಫ್ ಝೀರೋ ಹಳಿಯ ಅಗಲ 16.5 ಮಿ.ಮೀ.; ಅದು ಯುರೋಪ್-ಅಮೆರಿಕಗಳ 1435 ಮಿ.ಮೀ. ಹಳಿಯ ಅಳತೆ. ನಮ್ಮ ಬ್ರಾಡ್‌ಗೇಜಿನ 1676ಕ್ಕೆ 19 ಮಿ.ಮೀ.ಗಿಂತ ತುಸು ಹೆಚ್ಚು ಬೇಕು, ಮೀಟರ್‌ಗೇಜಿಗೆ ಹನ್ನೊಂದೂವರೆ, ಬಾರ್ಸಿ ಲೈಟ್ ರೈಲ್ವೆಯ 762ಕ್ಕೆ ಒಂಬತ್ತಕ್ಕೂ ಕಡಿಮೆ. ಮಿರಜ ಜಂಕ್ಷನ್ ಒಂದು ಕಾಲಕ್ಕೆ ಈ ಮೂರೂ ಅಳತೆಗಳು ಕೂಡುವ ಜಾಗವಾಗಿತ್ತು. ಎವರಾರ್ಡ್ ಕಾಲ್‌ಥ್ರಾಪ್ ಎಂಬ ಎಂಜಿನಿಯರ್ 1897ರಲ್ಲಿ ಆರಂಭಿಸಿದ ಬಾರ್ಸಿಯ ಸಣ್ಣ ಗಾಡಿ ಪಂಢರಪುರದ ವಾರಕರಿಗಳನ್ನು ಹೊತ್ತು 1927ರಲ್ಲಿ ಮಿರಜ ತಲುಪಿತು. ಪುಣೆಯ ಕಡೆಯಿಂದ ಬ್ರಾಡ್‌ಗೇಜ್ ಬಂದದ್ದು 1970ರ ದಶಕದ ಆರಂಭದಲ್ಲಿ. ಈಗ ಅಲ್ಲಿ ಉಳಿದಿರುವುದು ಬ್ರಾಡ್‌ಗೇಜ್ ಒಂದೇ. ಯಾವ ಹಳಿ ಹಾಕಬೇಕು ಎಂಬುದು ಯಾವ ವರ್ಷವನ್ನು ಕಟ್ಟುತ್ತೇನೆ ಎಂಬುದರ ಮೇಲೆ ನಿಂತಿತ್ತು. ಮಾದರಿ ರೈಲು ಕಟ್ಟುವವನು ತಾರೀಖು ಹೇಳದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ.

ನಾನು ಆರಿಸಿದ ನಿಲ್ದಾಣ ವಳಿವಡೆ, ವರ್ಷ 1945. ಕೊಲ್ಹಾಪುರಕ್ಕೆ ಸಮೀಪದ ಈ ಹಳ್ಳಿಯಲ್ಲಿ 1943ರಿಂದ ಕೆಲವು ವರ್ಷ ಪೋಲೆಂಡಿನ ಸುಮಾರು 5,000 ನಿರಾಶ್ರಿತರಿದ್ದರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. 1940-41ರಲ್ಲಿ ಸ್ಟಾಲಿನ್ನನ ಆಡಳಿತ ಅವರನ್ನು ಊರಿಂದ ಕಿತ್ತು ಸೈಬೀರಿಯಾ, ಕಝಾಕಸ್ತಾನಗಳಿಗೆ ಸಾಗಿಸಿತ್ತು. ಅಲ್ಲಿಂದ ಬಿಡುಗಡೆಯಾಗಿ, ಇರಾನಿನ ಮೂಲಕ, ಹಸಿವು ಜ್ವರಗಳನ್ನು ದಾಟಿ ಬದುಕುಳಿದವರು ಕೊನೆಗೆ ಬಂದು ಸೇರಿದ್ದು ನಮ್ಮ ಪಂಚಗಂಗೆಯ ಬಯಲಿಗೆ. ಇಲ್ಲಿ ಅವರಿಗೆ ಸಾಲುಮನೆಗಳಾದವು, ಶಾಲೆಗಳಾದವು, ಇಗರ್ಜಿಯಾಯಿತು. ಅವರನ್ನು ನಾಡಿನಿಂದ ಕಸಿದೊಯ್ದದ್ದು ದನದ ಡಬ್ಬಿಗಳ ರೈಲು. ಚೇತರಿಸಿಕೊಳ್ಳುವ ಜಾಗವಾದದ್ದೂ ಒಂದು ರೈಲು ನಿಲ್ದಾಣದ ಪಕ್ಕವೇ. ಹಾಸಿಗೆಯಲ್ಲಿದ್ದ ನನಗೆ ಈ ಚರಿತ್ರೆ ಬೇರೆ ಊರಿನವರ ಕಥೆಯಾಗಿ ಕಾಣಲಿಲ್ಲ.

ಅಲ್ಲಿಂದ ಪ್ರಶ್ನೆಗಳು ಶುರುವಾದವು. 1945ರಲ್ಲಿ ಅಲ್ಲಿ ಮೀಟರ್‌ಗೇಜ್, ಆದ್ದರಿಂದ ಹಳಿಯ ಅಗಲ ಹನ್ನೊಂದೂವರೆ. ಒಂದು ಬೋಗಿ ಗೇಣುದ್ದ. ವಿದ್ಯುತ್ ತಂತಿ ಇಲ್ಲ, ಉಗಿ ಎಂಜಿನ್ನಿಗೆ ನೀರು ಬೇಕು. ಸಾಲುಮನೆಗಳ ಅಂತರ ತಿಳಿಯಲು ಹಳೆಯ ಛಾಯಾಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಹಳಿಗೆ ಬೇಕಾದ ತೆಳು ಉಕ್ಕಿನ ಪಟ್ಟಿ ಇಚಲಕರಂಜಿಯಲ್ಲೇ ಸಿಕ್ಕಿತು. ಸವೆದ ಮಗ್ಗದ ಹಣಿಗೆಯ ಹಲ್ಲುಗಳು ಅವು. ಚಕ್ರಗಳನ್ನು ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿ ಲೇಥ್ ನಡೆಸುವ ಹಿರಿಯರೊಬ್ಬರು ತಿರುವಿ ಕೊಟ್ಟರು. ನೀರಿನ ಪಂಪಿನ ಭಾಗಗಳನ್ನು ಮಾಡುವ ಆ ಕೈಗಳು ಕಿರುಬೆರಳ ಉಗುರಿನಷ್ಟು ಚಕ್ರವನ್ನು ಎತ್ತಿ ನೋಡಿ ಹಣ ಬೇಡವೆಂದವು.

ಸಮಾಧಾನ ಎಲ್ಲಿಂದ ಬಂತು ಎಂದು ಹಲವರು ಕೇಳಿದ್ದಾರೆ. ಬಾಲ್ಯಕ್ಕೆ ಮರಳಿದ ಸುಖವೆಂದು ಅವರ ಊಹೆ. ನನ್ನ ಬಾಲ್ಯದಲ್ಲಿ ಆಟದ ರೈಲು ಇರಲಿಲ್ಲ, ನಿಜದ ರೈಲೂ ಇರಲಿಲ್ಲ. ನನಗೆ ತೋರುವುದು ಇಷ್ಟು: ಕಾಯಿಲೆ ಕೇಳುವ ಪ್ರಶ್ನೆಗೆ ಉತ್ತರವಿಲ್ಲ, ಮಾದರಿ ಕೇಳುವ ಪ್ರಶ್ನೆಗೆ ಉತ್ತರವಿದೆ. ಬಾಗಿಲಿನ ಅಗಲ ಎಷ್ಟು, ಛಾವಣಿ ಹೆಂಚೋ ತಗಡೋ, ಕಂಬಗಳ ನಡುವೆ ಎಷ್ಟು ಹೆಜ್ಜೆ? ಹುಡುಕಿದರೆ ಸಿಗುತ್ತದೆ, ಇಂದಲ್ಲದಿದ್ದರೆ ನಾಳೆ. ನರ ಮಿಲಿಮೀಟರಿನಲ್ಲಿ ಬೆಳೆಯುತ್ತಿತ್ತು, ಕೆಲಸವೂ ಮಿಲಿಮೀಟರಿನಲ್ಲಿ ಬೆಳೆಯುತ್ತಿತ್ತು. ಒಂದು ಕಣ್ಣಿಗೆ ಕಾಣುತ್ತಿರಲಿಲ್ಲ, ಇನ್ನೊಂದು ಕಾಣುತ್ತಿತ್ತು.

ಈ ಸಣ್ಣ ಗಾಡಿಗಳ ಚರಿತ್ರೆಯಲ್ಲೂ ಎರಡು ಧಾರೆಗಳಿವೆ. ಒಂದು ವೈಭವದ್ದು. ಗ್ವಾಲಿಯರಿನ ಮಾಧವರಾವ್ ಸಿಂಧ್ಯಾ ಮಹಾರಾಜರು ಊಟದ ಮೇಜಿನ ಮೇಲೆ ಅತಿಥಿಗಳಿಗೆ ಮದ್ಯ, ಚುಟ್ಟ ತರುವ ಬೆಳ್ಳಿಯ ರೈಲನ್ನು ಓಡಿಸುತ್ತಿದ್ದರು. ಅದು ಇಂದಿಗೂ ಜಯವಿಲಾಸ ಅರಮನೆಯಲ್ಲಿದೆ. ಇನ್ನೊಂದು ಧಾರೆ ಹಾಸಿಗೆಯ ಬದಿಯದು. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧದ ನಡುವೆ ವಿಲ್ಬರ್ಟ್ ಆಡ್ರಿ ಎಂಬ ಪಾದ್ರಿ ದಡಾರವಾಗಿ ಮಲಗಿದ್ದ ಮಗನಿಗೆ ಎಂಜಿನ್ನುಗಳ ಕಥೆ ಹೇಳಿದ. ಅವು 1945ರಲ್ಲಿ ಪುಸ್ತಕವಾದವು. ಥಾಮಸ್ ಎಂಬ ನೀಲಿ ಎಂಜಿನ್ ಹುಟ್ಟಿದ್ದು ಆ ಮಾಲೆಯಲ್ಲೇ. ಕೆನಡಾದ ಗಾಯಕ ನೀಲ್ ಯಂಗ್ ಸ್ವತಃ 1951ರಲ್ಲಿ ಪೋಲಿಯೋಕ್ಕೆ ತುತ್ತಾದವನು. ಅವನ ಮಗನೊಬ್ಬ ಹುಟ್ಟಿನಿಂದ ಮೆದುಳಿನ ಪಾರ್ಶ್ವವಾಯು ಪೀಡಿತ. ಮಾತಿಲ್ಲ, ಕೈಕಾಲು ಹಿಡಿತದಲ್ಲಿಲ್ಲ. ಆ ಮಗನೂ ಗಾಡಿ ಓಡಿಸಲಿ ಎಂದು ತಂದೆ ಒಂದೇ ದೊಡ್ಡ ಗುಂಡಿಯ ನಿಯಂತ್ರಕವನ್ನು ರೂಪಿಸಿದ. ಹಳೆಯ ಪದ್ಧತಿಯಲ್ಲಿ ಹಳಿಗೆ ಹರಿಸುವ ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡಿ ವೇಗ ಬದಲಿಸಬೇಕು, ಹಳಿಯ ಮೇಲಿನ ಗಾಡಿಗಳೆಲ್ಲ ಒಟ್ಟಿಗೆ ಓಡುತ್ತವೆ. ಹೊಸ ಪದ್ಧತಿಯಲ್ಲಿ ಪ್ರತಿ ಎಂಜಿನ್ನಿಗೂ ಒಂದು ಸಂಖ್ಯೆ. ಅದಕ್ಕೆ ಮಾತ್ರ ಆಜ್ಞೆ ಕಳಿಸಬಹುದು. ಈ ಕೆಲಸ ಎಷ್ಟು ಬೆಳೆಯಿತೆಂದರೆ, 1900ರಲ್ಲಿ ಆರಂಭವಾದ ಲಯೊನೆಲ್ ಎಂಬ ಆಟಿಕೆ ರೈಲಿನ ಕಂಪನಿಯನ್ನು 1995ರಲ್ಲಿ ಕೊಂಡವರಲ್ಲಿ ಯಂಗ್ ಕೂಡ ಪಾಲುದಾರನಾದ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹದಿಹರೆಯದಲ್ಲೇ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಕೊಲ್ಹಾಪುರದ ನಸೀಮಾ ಹುರಜೂಕ್ ಅವರು 1984ರಲ್ಲಿ 'ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್' ಸಂಸ್ಥೆ ಕಟ್ಟಿದರು. ಗಾಲಿಕುರ್ಚಿಯನ್ನೇ ಹೆಸರಾಗಿಟ್ಟುಕೊಂಡ ಅವರ ಮರಾಠಿ ಆತ್ಮಕಥೆಯನ್ನು ನಾನು ಗೋಡೆಗೆ ಒರಗಿ ಕೂರಲು ಕಲಿಯುತ್ತಿದ್ದ ತಿಂಗಳಲ್ಲಿ ಓದಿದೆ. ಗಾಲಿಕುರ್ಚಿಗೂ ರೈಲಿಗೂ ಒಂದು ನಂಟಿದೆ ಎಂದು ಆಗ ಹೊಳೆಯಿತು: ಎರಡಕ್ಕೂ ಏರು ಮೆಲ್ಲಗಿರಬೇಕು. ಗಾಲಿಕುರ್ಚಿಯ ಇಳಿಜಾರು ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದವಿರಬೇಕು. ರೈಲಿಗೆ ಅದೂ ಸಾಲದು, ನೂರು ಅಡಿ ಕೊಟ್ಟರೆ ಹಿತ. ರೈಲಿಗಾಗಿ ನಾವು ಗುಡ್ಡವನ್ನೇ ಕಡಿಯುತ್ತೇವೆ. ಗಾಲಿಕುರ್ಚಿಗಾಗಿ ಕಚೇರಿಯ ಮೂರು ಮೆಟ್ಟಿಲನ್ನು ಸರಿಪಡಿಸಲು ಎಷ್ಟು ಅರ್ಜಿ ಬರೆಯಬೇಕು ಎಂಬುದನ್ನು ಬಲ್ಲವರೇ ಬಲ್ಲರು.

ನಾನೀಗ ಕೋಲಿನ ಆಸರೆಯಲ್ಲಿ ಬ್ಯಾಂಕಿಗೆ ಹೋಗುತ್ತೇನೆ. ಬಲಪಾದ ಪೂರ್ತಿ ಎಚ್ಚೆತ್ತಿಲ್ಲ, ಎಚ್ಚೆಯುವ ಸೂಚನೆಯೂ ಇಲ್ಲ. ವಳಿವಡೆಯಲ್ಲಿ ಇಗರ್ಜಿ ಇನ್ನೂ ಆಗಬೇಕು. ಮಾದರಿ ರೈಲು ರೋಗ ವಾಸಿಮಾಡುತ್ತದೆಂದು ನಾನು ಹೇಳಲಾರೆ. ಮದ್ದು ಕೊಟ್ಟವರು ವೈದ್ಯರು, ಎತ್ತಿ ಕೂರಿಸಿದವರು ಮನೆಯವರು. ಆದರೆ ಎಲ್ಲರೂ ತನಗಾಗಿ ಏನನ್ನಾದರೂ ಮಾಡುತ್ತಲೇ ಇರುವಾಗ, ತಾನು ಮಾಡಿದ್ದರಿಂದ ಏನಾದರೂ ಚಲಿಸಿತು ಎಂಬುದನ್ನು ಕಾಣುವ ಹಸಿವು ಹಾಸಿಗೆ ಹಿಡಿದವನಿಗೆ ಇರುತ್ತದೆ. ಆ ಹಸಿವನ್ನು ಆರೈಕೆ ಮಾಡುವವರು ಹಲವೊಮ್ಮೆ ಕಾಣುವುದಿಲ್ಲ.

ನಿಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ ದಶಕಗಳ ಕಾಲ ಎಂಡೋಸಲ್ಫಾನ್ ಸುರಿಯಿತು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಎಣ್ಮಕಜೆ, ಪಡ್ರೆಯ ಕಡೆಯ ಮಕ್ಕಳ ಸುದ್ದಿಯನ್ನು ನಾವು ಇಲ್ಲಿಯೂ ಓದಿದ್ದೇವೆ. ಅವರಿಗೆ ಸಲ್ಲಬೇಕಾದ ಪರಿಹಾರ, ಔಷಧ, ಪಿಂಚಣಿ ಮೊದಲು ಸಲ್ಲಲಿ. ಅದರ ಬದಲಿಗೆ ಆಟಿಕೆ ಕೊಡಿ ಎನ್ನುವಷ್ಟು ಹಗುರ ಮಾತು ಇದಲ್ಲ. ಅವರಿಗಾಗಿ ಇರುವ ಬಡ್ಸ್ ಶಾಲೆಗಳಲ್ಲಿ ಒಂದು ಮೇಜು, ಒಂದು ಸುತ್ತು ಹಳಿ, ಅಂಗೈಯಿಂದಲೋ ಮೊಣಕೈಯಿಂದಲೋ ಒತ್ತಬಹುದಾದ ಒಂದು ದೊಡ್ಡ ಗುಂಡಿ ಇರಲು ಅಂಥ ಖರ್ಚೇನೂ ಬಾರದು. ವೈರಿಂಗ್ ಬಲ್ಲ ಒಬ್ಬ ಹುಡುಗ, ಬಡಗಿ ಒಬ್ಬ ಸಾಕು. ಅಳತೆಗಳು ಬೇಕಿದ್ದರೆ ನಾನು ಬರೆದು ಕಳಿಸುತ್ತೇನೆ. ಮಂಗಳೂರಿನ ದಾರಿಯಲ್ಲಿ ನಿಮ್ಮ ಕಡೆ ಯಾವ ಯಾವ ಹೊಳೆಗೆ ಸೇತುವೆ ಇದೆ ಎಂಬುದನ್ನು ನೀವು ನನಗೆ ಬರೆದು ತಿಳಿಸಿ.